ಹಳೆಯ ಬೇಸ್‌ಬಾಲ್ ಕೈಗವಸುಗಳ ಸಂಗ್ರಹ: ಮೊದಲು ಮ್ಯೂಸಿಯಂ, ಆಮೇಲೆ ಖರೀದಿ

ಕ್ರಿಕೆಟ್‌ನಲ್ಲಿ ವಿಕೆಟ್‌ಕೀಪರ್ ಒಬ್ಬರನ್ನು ಬಿಟ್ಟರೆ ಫೀಲ್ಡಿಂಗ್ ಮಾಡುವ ಇನ್ಯಾರೂ ಕೈಗವಸು ತೊಡುವಂತಿಲ್ಲ. ಬೇಸ್‌ಬಾಲ್ ಕೂಡ ಮೊದಮೊದಲು ಹೆಚ್ಚುಕಡಿಮೆ ಬರಿಗೈಯ ಆಟವೇ ಆಗಿತ್ತು. 1870ರ ದಶಕದಲ್ಲಿ ಕೆಲವು ಆಟಗಾರರು ಅಂಗೈಗೆ ತೆಳುವಾದ ಚರ್ಮದ ಹೊದಿಕೆ ಹಾಕಿಕೊಳ್ಳತೊಡಗಿದಾಗ ಅದನ್ನು ಪುಕ್ಕಲುತನವೆಂದು ನೋಡಿದವರಿದ್ದರು. 1875ರಲ್ಲಿ ಚಾರ್ಲ್ಸ್ ವೇಟ್ ಎಂಬ ಆಟಗಾರರು ಪ್ರೇಕ್ಷಕರ ಕಣ್ಣಿಗೆ ಬೀಳದಿರಲೆಂದು ಮೈಬಣ್ಣದ ಕೈಗವಸನ್ನೇ ಆರಿಸಿಕೊಂಡಿದ್ದರೆಂದು ಅಂದಿನ ಹೆಸರಾಂತ ಆಟಗಾರ ಆಲ್ಬರ್ಟ್ ಸ್ಪಾಲ್ಡಿಂಗ್ ಬರೆದಿಟ್ಟಿದ್ದಾರೆ. ಆ ಸ್ಪಾಲ್ಡಿಂಗ್ ಅವರೇ 1877ರಲ್ಲಿ ಎಲ್ಲರಿಗೂ ಕಾಣುವಂತೆ ಕಪ್ಪು ಕೈಗವಸು ತೊಟ್ಟು ಮೈದಾನಕ್ಕಿಳಿದರು. ಅಷ್ಟರಲ್ಲಿ ಅವರಿಗೆ ಷಿಕಾಗೋದಲ್ಲಿ ಕ್ರೀಡಾ ಸಾಮಗ್ರಿಗಳ ವ್ಯಾಪಾರವೂ ಇತ್ತೆಂಬುದನ್ನು ನೆನಪಿಟ್ಟುಕೊಂಡರೆ ಆ ಧೈರ್ಯದ ಲೆಕ್ಕಾಚಾರ ಅರ್ಥವಾಗುತ್ತದೆ. ಹಾಗಿದ್ದೂ ಸಿನ್ಸಿನಾಟಿಯಲ್ಲಿ ಎರಡನೇ ಬೇಸ್ (ಓಡುವವರು ಮುಟ್ಟಿ ಸಾಗಬೇಕಾದ ನೆಲೆ) ಕಾಯುತ್ತಿದ್ದ ಆಟಗಾರ ಬಿಡ್ ಮೆಕ್‌ಫೀ 1896ರವರೆಗೂ ಬರಿಗೈಯಲ್ಲೇ ಚೆಂಡು ಹಿಡಿದರು.

ಅಂದಿನಿಂದ ಕೈಗವಸಿನ ಆಕಾರ ಬದಲಾಗುತ್ತಲೇ ಬಂದಿದೆ. ಕೈಯನ್ನು ಕಾಪಾಡುವುದಕ್ಕೆಂದು ಹುಟ್ಟಿದ ವಸ್ತು ಕ್ರಮೇಣ ಚೆಂಡನ್ನು ಬುಟ್ಟಿಯಂತೆ ಸೆಳೆದುಕೊಳ್ಳುವ ಸಾಧನವಾಯಿತು. ಈ ಬದಲಾವಣೆಯ ಪ್ರತಿ ಹಂತವೂ ಚರ್ಮದಲ್ಲಿ, ಹೊಲಿಗೆಯಲ್ಲಿ, ಬೆರಳುಗಳ ನಡುವಿನ ದಾರದಲ್ಲಿ ಗುರುತು ಉಳಿಸಿಹೋಗಿದೆ. ಹೊಸದಾಗಿ ಸಂಗ್ರಹ ಆರಂಭಿಸುವವರು ಸಾಮಾನ್ಯವಾಗಿ ಅಂಗೈ ಮೇಲೆ ಮುದ್ರೆಯಾಗಿರುವ ಆಟಗಾರನ ಹೆಸರನ್ನು ನೋಡಿ ಹಣ ಕೊಡುತ್ತಾರೆ. ಪಳಗಿದವರು ಕೈಗವಸು ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಮೊದಲು ನೋಡಿ, ಹೆಸರನ್ನು ಕೊನೆಯಲ್ಲಿ ಓದುತ್ತಾರೆ. ಆ ಕಣ್ಣು ಪಳಗಲು ಮ್ಯೂಸಿಯಂನಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಮತ್ತು ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದುಬರುವ ಹಿರಿಯರು ಈ ಹವ್ಯಾಸಕ್ಕೆ ಕೈಹಾಕುವುದಾದರೆ ಯಾವ ಕ್ರಮದಲ್ಲಿ ಹೋಗಬೇಕೆಂಬುದನ್ನು ಮುಂದೆ ವಿವರಿಸಿದೆ.

ಹೆಜ್ಜೆ 1: ಯಾವ ಬಗೆಯದು ಬೇಕೆಂದು ನಿರ್ಧರಿಸಿ

ಮಾರುಕಟ್ಟೆಯಲ್ಲಿ ಸಿಗುವ ಹಳೆಯ ಕೈಗವಸುಗಳಲ್ಲಿ ಮೂರು ಬಗೆಗಳಿವೆ. ಅಂಗಡಿಗಳಲ್ಲಿ ಹುಡುಗರಿಗಾಗಿ ಮತ್ತು ಹವ್ಯಾಸಿ ಆಟಗಾರರಿಗಾಗಿ ಮಾರಿದ್ದು ಮೊದಲನೆಯದು. ಇದನ್ನು ಸ್ಟೋರ್ ಮಾಡೆಲ್ ಎನ್ನುತ್ತಾರೆ. ವೃತ್ತಿಪರರು ಬಳಸುವ ಗುಣಮಟ್ಟದ ಚರ್ಮದಲ್ಲಿ ತಯಾರಾಗಿ ದುಬಾರಿ ಬೆಲೆಗೆ ಮಾರಾಟವಾದ ಪ್ರೊ ಮಾಡೆಲ್ ಎರಡನೆಯದು. ಒಬ್ಬ ನಿರ್ದಿಷ್ಟ ಆಟಗಾರ ಪಂದ್ಯದಲ್ಲಿ ನಿಜವಾಗಿ ತೊಟ್ಟಿದ್ದ ಗೇಮ್ ಯೂಸ್ಡ್ ಕೈಗವಸು ಮೂರನೆಯದು. ಈ ಮೂರನೆಯದರ ಬಗ್ಗೆ ಆರಂಭದಲ್ಲಿ ಯೋಚಿಸಲೇಬೇಡಿ. ಅದಕ್ಕೆ ಲಕ್ಷಗಟ್ಟಲೆ ಹಣವೂ ಬೇಕು, ದಾಖಲೆ ಪರಿಶೀಲಿಸುವ ಪರಿಣತಿಯೂ ಬೇಕು. 1950 ಮತ್ತು 60ರ ದಶಕಗಳ ಸಾಧಾರಣ ಸ್ಟೋರ್ ಮಾಡೆಲ್‌ಗಳು ಇಂದಿಗೂ ಕೆಲವೇ ಹತ್ತು ಡಾಲರುಗಳಿಗೆ ಸಿಗುತ್ತವೆ. ಕಲಿಯುವುದಕ್ಕೆ ಅವೇ ಸರಿ.

ಒಂದೇ ಕಂಪನಿಯವನ್ನು, ಒಂದೇ ದಶಕದವನ್ನು ಅಥವಾ ಕ್ಯಾಚರ್ (ವಿಕೆಟ್‌ಕೀಪರ್‌ನಂತೆ ಬ್ಯಾಟ್ ಮಾಡುವವರ ಹಿಂದೆ ಕೂರುವ ಆಟಗಾರ) ತೊಡುವ ಮಿಟ್‌ಗಳನ್ನಷ್ಟೇ, ಅಂದರೆ ಬೆರಳುಗಳು ಬೇರೆಬೇರೆಯಿಲ್ಲದ ದಪ್ಪ ಕೈಗವಸುಗಳನ್ನಷ್ಟೇ, ಸಂಗ್ರಹಿಸುವವರಿದ್ದಾರೆ. ನನ್ನ ಸಲಹೆ ಬೇರೆ: ಕೈಗವಸಿನ ವಿಕಾಸವನ್ನು ತೋರಿಸುವ ಐದಾರು ಮಾದರಿಗಳನ್ನು ಸಾಲಾಗಿ ಇಟ್ಟುಕೊಳ್ಳುವುದನ್ನೇ ಗುರಿ ಮಾಡಿಕೊಳ್ಳಿ. ಆಟಗಾರರ ಹೆಸರನ್ನು ಬೆನ್ನಟ್ಟುವ ಸಂಗ್ರಹಕ್ಕೆ ಕೊನೆಯೆಂಬುದಿಲ್ಲ. ಈ ಸಾಲಿಗೆ ಕೊನೆಯಿದೆ, ಮನೆಗೆ ಬಂದವರಿಗೆ ತೋರಿಸಿ ವಿವರಿಸಲೂ ಬರುತ್ತದೆ.

ಯಾವ ಕೈಯದು ಎಂಬುದನ್ನೂ ಆಗಲೇ ತಿಳಿದುಕೊಳ್ಳಬೇಕು. ಬಲಗೈಯಲ್ಲಿ ಚೆಂಡೆಸೆಯುವವರು ಕೈಗವಸನ್ನು ಎಡಗೈಗೆ ಹಾಕುತ್ತಾರೆ, ಎಡಚರು ಬಲಗೈಗೆ ಹಾಕುತ್ತಾರೆ. ಮಾರಾಟದ ವಿವರಣೆಗಳಲ್ಲಿ ಬಲಗೈಯದು ಎಂದರೆ ಎಸೆಯುವ ಕೈ ಎಂದೇ ಅರ್ಥವಾದರೂ ತಿಳಿಯದ ಮಾರಾಟಗಾರರು ತೊಡುವ ಕೈಯನ್ನು ಬರೆದುಬಿಡುತ್ತಾರೆ. ಆದ್ದರಿಂದ ಹೆಬ್ಬೆರಳು ಯಾವ ಕಡೆಗಿದೆ ಎಂಬುದನ್ನು ಚಿತ್ರದಲ್ಲೇ ನೋಡಿ. ಬಾಲ್ಟಿಮೋರ್‌ನ ಕ್ಯಾಮ್ಡನ್ ಯಾರ್ಡ್ಸ್ ಕ್ರೀಡಾಂಗಣದ ಹೊರಗೆ 1990ರ ದಶಕದಲ್ಲಿ ನಿಲ್ಲಿಸಿದ, ಬೇಸ್‌ಬಾಲ್‌ನ ದಂತಕಥೆಯಾದ ಬೇಬ್ ರೂತ್ ಅವರ ಪ್ರತಿಮೆಯಲ್ಲಿ, ಎಡಚರಾಗಿದ್ದ ರೂತ್ ಅವರಿಗೆ ಬಲಗೈಯಲ್ಲಿ ಎಸೆಯುವವರ ಕೈಗವಸನ್ನು ಕೊಡಲಾಗಿದೆ. ಬಾಲ್ಯದಲ್ಲಿ ಅವರಿದ್ದ ಸೇಂಟ್ ಮೇರೀಸ್ ಶಾಲೆಯಲ್ಲಿ ಎಡಚರ ಕೈಗವಸು ಸಿಗದೆ ಬೇರೆ ಕೈಯದನ್ನೇ ಬಳಸಿದ್ದರೆಂಬ ಸಮರ್ಥನೆಯೂ ಇದೆ. ಸಂಗ್ರಹಕಾರರ ಲೋಕದಲ್ಲಿ ಎಡಚರ ಕೈಗವಸಿಗೆ ಬೇಡಿಕೆ ಕಡಿಮೆ, ಹೀಗಾಗಿ ಬೆಲೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಹೂಡಿಕೆಯ ಆಸೆಯಿಲ್ಲದವರಿಗೆ ಇದು ಅನುಕೂಲವೇ.

ಹೆಜ್ಜೆ 2: ಕಟ್ಟುವಿಕೆಯಿಂದ ಕಾಲವನ್ನು ಓದಲು ಕಲಿಯಿರಿ

ಕೈಗವಸನ್ನು ಕೈಗೆತ್ತಿಕೊಂಡಾಗ ಮೊದಲು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಜಾಗವನ್ನು ನೋಡಬೇಕು. ಈ ಜಾಗವನ್ನು ವೆಬ್ ಎನ್ನುತ್ತಾರೆ. 19ನೇ ಶತಮಾನದ ಕೈಗವಸುಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಏನೂ ಇರುತ್ತಿರಲಿಲ್ಲ. ಕೂಲಿಕೆಲಸದವರು ತೊಡುವ ದಪ್ಪ ಗ್ಲೌಸ್‌ನಂತೆಯೇ ಅವು ಕಾಣುತ್ತವೆ, ಕೆಲವಕ್ಕಂತೂ ಬೆರಳಿನ ತುದಿಯನ್ನೇ ಕತ್ತರಿಸಿಬಿಟ್ಟಿರುತ್ತಾರೆ. ಕ್ಯಾಚರ್ ಮತ್ತು ಮೊದಲ ಬೇಸ್ ಆಟಗಾರರನ್ನು ಹೊರತುಪಡಿಸಿ ಉಳಿದವರ ಕೈಗವಸು 10 ಔನ್ಸ್ ತೂಕವನ್ನೂ ಅಂಗೈ ಸುತ್ತ 14 ಇಂಚು ಸುತ್ತಳತೆಯನ್ನೂ ಮೀರಬಾರದೆಂಬ ನಿಯಮ 1895ರಲ್ಲಿ ಬಂತು. ಇಂಥ ನಿಯಮವನ್ನು ಮಾಡಬೇಕಾಯಿತೆಂದರೆ ಅಷ್ಟರಲ್ಲಿ ಯಾರೋ ದೊಡ್ಡ ಮಿಟ್‌ಗಳನ್ನು ಎಲ್ಲ ಸ್ಥಾನಗಳಿಗೂ ತರಲಾರಂಭಿಸಿದ್ದರೆಂದೇ ಅರ್ಥ. 20ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳನ್ನು ಜೋಡಿಸುವ ಸುಮಾರು ಒಂದಿಂಚು ಅಗಲದ ಚರ್ಮದ ಪಟ್ಟಿ ಸಾಮಾನ್ಯವಾಯಿತು.

ದೊಡ್ಡ ತಿರುವು ಬಂದದ್ದು ಸೇಂಟ್ ಲೂಯಿಸ್‌ನಲ್ಲಿ. ಅಲ್ಲಿನ ಕಾರ್ಡಿನಲ್ಸ್ ತಂಡದ ಪಿಚರ್ (ಬ್ಯಾಟ್ ಮಾಡುವವರಿಗೆ ಚೆಂಡೆಸೆಯುವ ಆಟಗಾರ) ಬಿಲ್ ಡೋಕ್, ಒಂದು ಪಟ್ಟಿಯ ಬದಲು ಹಲವು ಚರ್ಮದ ದಾರಗಳನ್ನು ಹೆಣೆದು ಆ ಜಾಗವನ್ನು ತುಂಬಿದರೆ ಚೆಂಡು ಅಂಗೈಗೆ ಬಡಿಯುವ ಬದಲು ಅಲ್ಲಿ ಕೂರುತ್ತದೆಂದು ಅದೇ ಊರಿನ ರಾಲಿಂಗ್ಸ್ ಕಂಪನಿಗೆ ಸೂಚಿಸಿದರು. 1920ರ ಸುಮಾರಿಗೆ ಮಾರುಕಟ್ಟೆಗೆ ಬಂದ ಬಿಲ್ ಡೋಕ್ ಮಾಡೆಲ್ 1953ರವರೆಗೂ ರಾಲಿಂಗ್ಸ್‌ನ ಪಟ್ಟಿಯಲ್ಲಿತ್ತು. ಇಷ್ಟು ದೀರ್ಘಕಾಲ ಮಾರಾಟವಾದ್ದರಿಂದ ಇದು ಅಪರೂಪದ್ದೇನಲ್ಲ. ಆದರೆ ವಿಕಾಸದ ಸಾಲಿನಲ್ಲಿ ಇದಿಲ್ಲದೆ ಕಥೆ ಮುಂದುವರಿಯುವುದಿಲ್ಲ. ಚರಿತ್ರೆ ಬದಲಿಸಿದ ವಸ್ತು ಸಾಮಾನ್ಯನ ಕೈಗೆಟುಕುವ ಬೆಲೆಗೆ ಸಿಗುವ ಇಂಥ ಉದಾಹರಣೆ ಬೇರೆ ಹವ್ಯಾಸಗಳಲ್ಲಿ ಕಡಿಮೆ.

ಎರಡನೆಯದಾಗಿ ಬೆರಳುಗಳನ್ನು ನೋಡಿ. ನಾಲ್ಕೂ ಬೆರಳುಗಳು ಬಿಡಿಬಿಡಿಯಾಗಿ, ಒಂದಕ್ಕೊಂದು ದಾರದಿಂದ ಕಟ್ಟದೆ ಇದ್ದರೆ ಅದು ಬಹುತೇಕ 1940ರ ದಶಕ ಅಥವಾ ಅದಕ್ಕೂ ಹಿಂದಿನದು. ಬೆರಳ ತುದಿಗಳನ್ನು ಚರ್ಮದ ದಾರದಿಂದ ಜೋಡಿಸುವ ಪದ್ಧತಿ 1940ರ ದಶಕದಲ್ಲಿ ಹಬ್ಬಿತು. ಹೆಬ್ಬೆರಳಲ್ಲದೆ ಮೂರೇ ಬೆರಳಿರುವ ರಾಲಿಂಗ್ಸ್ ಪ್ಲೇಮೇಕರ್ ಬಗೆಯವು 1940 ಮತ್ತು 50ರ ದಶಕಗಳ ಗುರುತು. 1957ರಲ್ಲಿ ವಿಲ್ಸನ್ ಕಂಪನಿ ತಂದ ಎ2000 ಮಾದರಿಯೊಂದಿಗೆ ದೊಡ್ಡ ವೆಬ್, ಆಳವಾದ ಗುಳಿ, ಮಧ್ಯದಲ್ಲಿ ಬಾಗಿಲಿನಂತೆ ಮಡಚಿಕೊಳ್ಳುವ ಅಂಗೈ ಇರುವ ಇಂದಿನ ಕೈಗವಸು ರೂಪ ಪಡೆಯಿತು. ಎರಡೂ ಕೈ ಬಳಸಿ ಚೆಂಡು ಹಿಡಿಯಬೇಕೆಂಬ ಹಳೆಯ ಪಾಠ ಆ ಹೊತ್ತಿನಿಂದಲೇ ಸಡಿಲವಾಗತೊಡಗಿತು.

ಹಳೆಯ ಕೈಗವಸುಗಳು ಅಷ್ಟು ಚಿಕ್ಕವಾಗಿದ್ದುದಕ್ಕೆ ಇನ್ನೊಂದು ಪುರಾವೆ ಆಟದ ರೂಢಿಯಲ್ಲೇ ಇದೆ: ತಮ್ಮ ಬ್ಯಾಟಿಂಗ್ ಸರದಿ ಬಂದಾಗ ಆಟಗಾರರು ಕೈಗವಸನ್ನು ಮೈದಾನದ ಹುಲ್ಲಿನ ಮೇಲೇ ಎಸೆದು ಹೋಗುತ್ತಿದ್ದರು. ಇದನ್ನು ನಿಷೇಧಿಸಿದ್ದು 1954ರಲ್ಲಿ.

ಮೂರನೆಯದು ಮಣಿಕಟ್ಟಿನ ಪಟ್ಟಿ. ಹಳೆಯವುಗಳಲ್ಲಿ ಪಟ್ಟಿಯನ್ನು ಗುಂಡಿಯಿಂದ ಬಿಗಿಯುತ್ತಿದ್ದರು, ಕೆಲವದರಲ್ಲಿ ಬೆಲ್ಟಿನಂಥ ಬಕಲ್ ಇರುತ್ತದೆ. ಆ ಲೋಹದ ಗುಂಡಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ತಯಾರಕರ ಹೆಸರು ಕೊರೆದಿರುವುದು ಎಷ್ಟೋ ಸಲ ಕಾಣುತ್ತದೆ. ಪಟ್ಟಿಯ ಮೇಲೆ ಹೊಲಿದ ಬಟ್ಟೆಯ ಲೇಬಲ್ ಇನ್ನೂ ಮುಖ್ಯವಾದದ್ದು. ನ್ಯೂ ಹ್ಯಾಂಪ್‌ಷೈರ್‌ನ ಪ್ಲಿಮತ್‌ನಲ್ಲಿದ್ದ ಡ್ರೇಪರ್ ಆ್ಯಂಡ್ ಮೇನಾರ್ಡ್ ಕಂಪನಿ 1937ರಲ್ಲಿ ಮುಚ್ಚಿತು. ಅದರ ನಾಯಿಯ ಗುರುತಿನ ಲಕ್ಕಿ ಡಾಗ್ ಲೇಬಲ್ ಕಂಡರೆ ಕೈಗವಸು ಅದಕ್ಕೂ ಮೊದಲಿನದೆಂದು ಬಹುಮಟ್ಟಿಗೆ ಹೇಳಬಹುದು. ಸಿನ್ಸಿನಾಟಿಯ ಗೋಲ್ಡ್‌ಸ್ಮಿತ್ ಹೆಸರು ಮುಂದೆ ಮ್ಯಾಕ್‌ಗ್ರೆಗರ್ ಗೋಲ್ಡ್‌ಸ್ಮಿತ್ ಆಗಿ, ಕೊನೆಗೆ ಮ್ಯಾಕ್‌ಗ್ರೆಗರ್ ಮಾತ್ರ ಉಳಿಯಿತು. ಈ ಸರಣಿಯೂ ಕಾಲವನ್ನು ತಿಳಿಸುತ್ತದೆ.

ಪೇಟೆಂಟ್ ಸಂಖ್ಯೆ ಮುದ್ರೆಯಾಗಿದ್ದರೆ ಅದನ್ನು ಅಂತರ್ಜಾಲದ ಪೇಟೆಂಟ್ ಕೋಶದಲ್ಲಿ ಉಚಿತವಾಗಿ ಹುಡುಕಬಹುದು. ಕೈಗವಸು ಆ ಪೇಟೆಂಟ್‌ಗಿಂತ ಹಿಂದಿನದಾಗಿರಲಾರದು. ಮೂಲ ಪೆಟ್ಟಿಗೆ ಸಿಕ್ಕರೆ ಅದರ ಮೇಲಿನ ವಿಳಾಸವನ್ನು ಓದಿ: ಐದಂಕಿಯ ಜಿಪ್ ಕೋಡ್ ಇದ್ದರೆ ಅದು 1963ಕ್ಕೂ ಈಚಿನದು, ಏಕೆಂದರೆ ಅಮೆರಿಕದ ಅಂಚೆ ಇಲಾಖೆ ಅದನ್ನು ಜಾರಿಗೆ ತಂದದ್ದು ಆ ವರ್ಷ. ಇಷ್ಟೆಲ್ಲ ನೋಡಿದ ಮೇಲೆ ಅಂಗೈಯಲ್ಲಿರುವ ಹೆಸರಿಗೆ ಬನ್ನಿ. ಹೆಸರಾಂತ ಆಟಗಾರರಲ್ಲಿ ಮಿಕ್ಕಿ ಮ್ಯಾಂಟಲ್ ಹೆಸರು ರಾಲಿಂಗ್ಸ್‌ನಲ್ಲಿ, ವಿಲ್ಲಿ ಮೇಸ್ ಹೆಸರು ಮ್ಯಾಕ್‌ಗ್ರೆಗರ್‌ನಲ್ಲಿ ಕಂಡರೆ ಸರಿಹೊಂದುತ್ತದೆ. ಆ ಸಹಿ ಕಾರ್ಖಾನೆಯಲ್ಲಿ ಒತ್ತಿದ ಮುದ್ರೆ; ಆಟಗಾರ ಆ ಕೈಗವಸನ್ನು ನೋಡಿಯೂ ಇರುವುದಿಲ್ಲ.

ಹೆಜ್ಜೆ 3: ಖರೀದಿಗೆ ಮುನ್ನ ಮ್ಯೂಸಿಯಂಗೆ ಹೋಗಿ

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನಲ್ಲಿರುವ ಆಟದ ಶ್ರೇಷ್ಠರನ್ನು ಸದಸ್ಯರಾಗಿ ಸೇರಿಸಿ ಗೌರವಿಸುವ ನ್ಯಾಷನಲ್ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಮತ್ತು ಮ್ಯೂಸಿಯಂ ಇಂಥ ಮ್ಯೂಸಿಯಂಗಳಲ್ಲಿ ಅಗ್ರಗಣ್ಯ. 1939ರ ಜೂನ್ 12ರಂದು ಇದು ಉದ್ಘಾಟನೆಯಾಯಿತು. ಆ್ಯಬ್ನರ್ ಡಬಲ್‌ಡೇ 1839ರಲ್ಲಿ ಇದೇ ಊರಿನಲ್ಲಿ ಬೇಸ್‌ಬಾಲ್ ಕಂಡುಹಿಡಿದರೆಂಬ ಕಥೆಯ ಆಧಾರದ ಮೇಲೆ ಜಾಗ ಆರಿಸಲಾಯಿತು. ಆ ಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲ, ಆದರೂ ಸ್ಥಳಪುರಾಣಕ್ಕೆ ಊರು ಕಟ್ಟುವ ಶಕ್ತಿ ಎಲ್ಲ ದೇಶಗಳಲ್ಲೂ ಇದ್ದೇ ಇರುತ್ತದೆ.

ಅಲ್ಲಿಗೆ ರೈಲು ಹೋಗುವುದಿಲ್ಲ. ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ, ಆಲ್ಬನಿಯಿಂದ ಒಂದೂವರೆ ಗಂಟೆಯ ದಾರಿ. ಜುಲೈ ಕೊನೆಯಲ್ಲಿ ಹೊಸ ಸದಸ್ಯರನ್ನು ಸೇರಿಸಿಕೊಳ್ಳುವ ಸಮಾರಂಭದ ವಾರಾಂತ್ಯದಲ್ಲಿ ಊರು ಜಾತ್ರೆಯಾಗುತ್ತದೆ. ಕೈಗವಸುಗಳನ್ನು ನಿಧಾನವಾಗಿ ನೋಡಬೇಕೆಂಬವರು ಆ ದಿನಗಳನ್ನು ತಪ್ಪಿಸಿ, ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನ ವಾರದ ನಡುವಿನ ದಿನ ಆರಿಸಿಕೊಳ್ಳುವುದು ಮೇಲು. ಪ್ರವೇಶ ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ಕೊಂಡು, ಆ ದಿನದ ಸಮಯವನ್ನು ಮ್ಯೂಸಿಯಂನ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ.

ಹೆಚ್ಚಿನವರು ಕೆಳಮಹಡಿಯ ಕಂಚಿನ ಫಲಕಗಳ ಸಭಾಂಗಣಕ್ಕೆ ನೇರ ಹೋಗುತ್ತಾರೆ. ಸಂಗ್ರಹಕಾರರು ಎರಡನೇ ಮಹಡಿಯಿಂದ ಆರಂಭಿಸಬೇಕು, ಏಕೆಂದರೆ ಅಲ್ಲಿ ವಸ್ತುಗಳನ್ನು ಕಾಲಾನುಕ್ರಮದಲ್ಲಿ ಇಡಲಾಗಿದೆ. ಒಂದು ಸಣ್ಣ ನೋಟ್‌ಪುಸ್ತಕ ಹಿಡಿದು, ಎದುರಾದ ಪ್ರತಿ ಕೈಗವಸಿನ ಮುಂದೆ ನಿಂತು, ವಿವರ ಫಲಕವನ್ನು ಓದುವ ಮೊದಲೇ ಅದರ ದಶಕವನ್ನು ಊಹಿಸಿ ಬರೆದುಕೊಳ್ಳಿ. ಆಮೇಲೆ ಫಲಕ ನೋಡಿ ತಾಳೆ ಮಾಡಿ. ವೆಬ್, ಬೆರಳು, ಮಣಿಕಟ್ಟು ಎಂಬ ಮೂರನ್ನೇ ನೋಡುತ್ತ ಒಂದು ಮಹಡಿ ಮುಗಿಸುವಷ್ಟರಲ್ಲಿ ಊಹೆ ಹತ್ತಿರ ಬರತೊಡಗುತ್ತದೆ. ಫ್ಲ್ಯಾಷ್ ಇಲ್ಲದೆ ಫೋಟೋ ತೆಗೆಯಬಹುದು. ಮುಂಭಾಗಕ್ಕಿಂತ ಮಣಿಕಟ್ಟಿನ ಕಡೆಯ ಚಿತ್ರ ನಿಮಗೆ ಮುಂದೆ ಹೆಚ್ಚು ಉಪಯೋಗವಾಗುತ್ತದೆ. 1954ರ ವರ್ಲ್ಡ್ ಸೀರೀಸ್‌ನ (ವರ್ಷದ ಚಾಂಪಿಯನ್ ಯಾರೆಂದು ನಿರ್ಧರಿಸುವ ಅಂತಿಮ ಸರಣಿ) ಮೊದಲ ಪಂದ್ಯದಲ್ಲಿ ಬೆನ್ನು ತಿರುಗಿಸಿ ಓಡುತ್ತಲೇ ವಿಲ್ಲಿ ಮೇಸ್ ಹಿಡಿದ ಕ್ಯಾಚ್ ಅಮೆರಿಕದಲ್ಲಿ ದಂತಕಥೆಯಾಗಿದೆ. ಆ ದಿನ ಅವರು ತೊಟ್ಟಿದ್ದ ಕೈಗವಸು ಈ ಸಂಸ್ಥೆಯ ಸಂಗ್ರಹದಲ್ಲಿದೆ. ಇಂದಿನ ಶಾಲಾ ಬಾಲಕನ ಕೈಗವಸಿನ ಪಕ್ಕದಲ್ಲಿಟ್ಟರೂ ಅದೇನೂ ದೊಡ್ಡದಾಗಿ ಕಾಣುವುದಿಲ್ಲ.

ಮ್ಯೂಸಿಯಂನ ಸಂಶೋಧನಾ ಗ್ರಂಥಾಲಯಕ್ಕೆ ಮುಂಚಿತವಾಗಿ ಬರೆದು ಸಮಯ ಗೊತ್ತುಮಾಡಿಕೊಂಡರೆ ಹಳೆಯ ದಾಖಲೆಗಳನ್ನು ನೋಡಲು ಅವಕಾಶವಿದೆ. ಈ ಹವ್ಯಾಸದಲ್ಲಿ ಕಂಪನಿಗಳ ಹಳೆಯ ಕ್ಯಾಟಲಾಗ್‌ಗಳಿಗಿಂತ ನಂಬಲರ್ಹವಾದ ಸಾಕ್ಷಿ ಇನ್ನೊಂದಿಲ್ಲ, ಏಕೆಂದರೆ ಮಾದರಿ ಸಂಖ್ಯೆ, ಚಿತ್ರ ಮತ್ತು ಬೆಲೆ ಮೂರೂ ಅವುಗಳಲ್ಲಿ ಒಂದೇ ಪುಟದಲ್ಲಿರುತ್ತವೆ. ನಿಮ್ಮ ಕೈಗವಸಿಗೆ ಎಷ್ಟು ಬೆಲೆ ಬರುತ್ತದೆ ಎಂದು ಮಾತ್ರ ಯಾವ ಮ್ಯೂಸಿಯಂ ಸಿಬ್ಬಂದಿಯನ್ನೂ ಕೇಳಬೇಡಿ. ಬೆಲೆ ಕಟ್ಟುವುದು ಅವರ ಕೆಲಸವಲ್ಲ.

ಕೂಪರ್ಸ್‌ಟೌನ್‌ಗೆ ಹೋಗಲಾಗದವರಿಗೆ ಬೇರೆ ಜಾಗಗಳಿವೆ. ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ 1990ರಲ್ಲಿ ಸ್ಥಾಪನೆಯಾದ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ನನ್ನ ಮಟ್ಟಿಗೆ ಎರಡನೇ ಸ್ಥಾನದಲ್ಲಿ ನಿಲ್ಲುತ್ತದೆ. ಕಪ್ಪು ಆಟಗಾರರಿಗೆ ಪ್ರಮುಖ ಲೀಗ್‌ಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1920ರಲ್ಲಿ ಇದೇ ನಗರದಲ್ಲಿ ರೂಬ್ ಫಾಸ್ಟರ್ ನೇತೃತ್ವದಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಹುಟ್ಟಿತು. ಶ್ರೇಷ್ಠ ಆಟಗಾರರ ಕಂಚಿನ ಪ್ರತಿಮೆಗಳನ್ನು ಅವರವರ ಸ್ಥಾನದಲ್ಲಿ ನಿಲ್ಲಿಸಿದ ಮೈದಾನವೊಂದು ಒಳಗಿದೆ. ಅಲ್ಲಿಗೆ ತಲುಪಬೇಕಾದರೆ ಸಂದರ್ಶಕರು ಇಡೀ ಇತಿಹಾಸವನ್ನು ದಾಟಿ ಬರಬೇಕು, ಅಲ್ಲಿಯವರೆಗೆ ಜಾಲರಿಯ ಹೊರಗಿನಿಂದಷ್ಟೇ ಅದನ್ನು ನೋಡಬೇಕು. ಆ ಏರ್ಪಾಡು ಬೇಕೆಂದೇ ಮಾಡಿದ್ದು. ಈ ಆಟಗಾರರ ಹೆಸರಿನ ಮುದ್ರೆಯಿರುವ ಹಳೆಯ ಕೈಗವಸು ಮಾರುಕಟ್ಟೆಯಲ್ಲಿ ಏಕೆ ಕಾಣುವುದಿಲ್ಲ ಎಂಬುದೂ ಅಲ್ಲಿ ಸುತ್ತಾಡಿದರೆ ತಾನಾಗಿ ತಿಳಿಯುತ್ತದೆ.

ನ್ಯೂಜೆರ್ಸಿಯಲ್ಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಿಗೆ ಹತ್ತಿರದಲ್ಲೇ, ಲಿಟಲ್ ಫಾಲ್ಸ್‌ನಲ್ಲಿ, ಮಾಂಟ್‌ಕ್ಲೇರ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ 1998ರಲ್ಲಿ ತೆರೆದ ಯೋಗಿ ಬೆರಾ ಮ್ಯೂಸಿಯಂ ಇದೆ. ಯಾಂಕೀಸ್ ತಂಡದ ಖ್ಯಾತ ಕ್ಯಾಚರ್ ಅವರ ನೆನಪಿನ ಜಾಗವಾದ್ದರಿಂದ ಕ್ಯಾಚರ್ ಮಿಟ್‌ಗಳ ಬಗ್ಗೆ ಆಸಕ್ತಿಯಿರುವವರು ನೋಡಲೇಬೇಕು. 2014ರಲ್ಲಿ ಕಳ್ಳರು ಗಾಜು ಒಡೆದು ಅವರ ವರ್ಲ್ಡ್ ಸೀರೀಸ್ ಉಂಗುರಗಳನ್ನು ಕದ್ದು ಕರಗಿಸಿಬಿಟ್ಟರು. ಚರ್ಮಕ್ಕೆ ಕರಗಿಸಿ ಮಾರುವ ಬೆಲೆ ಇಲ್ಲದಿರುವುದೂ ಒಂದು ರಕ್ಷಣೆಯೇ.

ಬಾಲ್ಟಿಮೋರ್‌ನಲ್ಲಿ ಬೇಬ್ ರೂತ್ 1895ರಲ್ಲಿ ಹುಟ್ಟಿದ ಮನೆ ಮ್ಯೂಸಿಯಂ ಆಗಿದೆ; ಕ್ರೀಡಾಂಗಣದಿಂದ ಅಲ್ಲಿಗೆ ಪಾದಚಾರಿ ಮಾರ್ಗದ ಮೇಲೆ ಬಿಡಿಸಿದ ಚೆಂಡುಗಳನ್ನು ಹಿಂಬಾಲಿಸಿ ನಡೆದರಾಯಿತು. ಲೂಯಿವಿಲ್‌ನ ಲೂಯಿವಿಲ್ ಸ್ಲಗ್ಗರ್ ಮ್ಯೂಸಿಯಂ ಬ್ಯಾಟುಗಳ ಕಾರ್ಖಾನೆಗೆ ಅಂಟಿಕೊಂಡಿದ್ದು, ಹೊರಗೆ ಒರಗಿಸಿ ನಿಲ್ಲಿಸಿದ 120 ಅಡಿ ಎತ್ತರದ ಬ್ಯಾಟಿನಿಂದಲೇ ಗುರುತು ಸಿಗುತ್ತದೆ, ಆದರೆ ಕೈಗವಸಿನವರಿಗೆ ಅಲ್ಲಿ ಕಲಿಯುವುದು ಕಡಿಮೆ. ಅದಕ್ಕಿಂತ ಟೆಕ್ಸಾಸ್‌ನ ನೊಕೋನಾ ಊರು ಉತ್ತಮ. 1930ರ ದಶಕದಿಂದ ಅಲ್ಲಿ ಕೈಗವಸು ತಯಾರಾಗುತ್ತಿದೆ. ಅಮೆರಿಕದ ಬಹುತೇಕ ಕಂಪನಿಗಳು ತಯಾರಿಕೆಯನ್ನು ಏಷ್ಯಾಕ್ಕೆ ಸಾಗಿಸಿದ ಮೇಲೂ ಇವರು ಊರು ಬಿಡಲಿಲ್ಲ. ಡಲ್ಲಾಸ್‌ನಿಂದ ಸುಮಾರು ಎರಡು ಗಂಟೆಯ ದಾರಿ. ಭೇಟಿಗೆ ಅವಕಾಶವಿದೆಯೇ ಎಂದು ಮೊದಲೇ ವಿಚಾರಿಸಿ ಹೋದರೆ, ಚರ್ಮ ಕತ್ತರಿಸುವುದರಿಂದ ಹಿಡಿದು ಒಳಮಗ್ಗುಲು ಹೊಲಿದು ಮಗುಚುವವರೆಗಿನ ಕೆಲಸವನ್ನು ಕಣ್ಣಾರೆ ನೋಡಬಹುದು. ಕೈಗವಸನ್ನು ಮೊದಲು ಒಳಹೊರಗಾಗಿ ಹೊಲಿದು ಬಳಿಕ ಬೆರಳು ಬೆರಳನ್ನೇ ತಿರುಗಿಸುತ್ತಾರೆಂಬುದು ತಿಳಿದ ಮೇಲೆ, ಹಳೆಯದರಲ್ಲಿ ಹೊಲಿಗೆ ಯಾವುದು ಮೂಲದ್ದು, ಯಾವುದು ರಿಪೇರಿಯದು ಎಂದು ಗುರುತಿಸುವುದು ಸುಲಭವಾಗುತ್ತದೆ. ಕೆಲಸದ ನಿಮಿತ್ತ ಜಪಾನಿಗೆ ಹೋಗುವವರು ಟೋಕಿಯೊ ಡೋಮ್ ಕಟ್ಟಡದಲ್ಲೇ ಇರುವ ಜಪಾನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ನೋಡಬಹುದು. 1959ರಲ್ಲಿ ಆರಂಭವಾದ ಅದು 1988ರಲ್ಲಿ ಈಗಿರುವ ಜಾಗಕ್ಕೆ ಬಂತು.

ಹೆಜ್ಜೆ 4: ಕೊಳ್ಳುವುದು

ಹಳೆಯ ಕೈಗವಸು ಸಿಗುವ ಜಾಗಗಳೆಂದರೆ ಮನೆ ಖಾಲಿ ಮಾಡುವಾಗಿನ ಎಸ್ಟೇಟ್ ಸೇಲ್, ಗ್ಯಾರೇಜ್ ಸೇಲ್, ಫ್ಲೀ ಮಾರ್ಕೆಟ್, ಈಬೇ ಮತ್ತು ಹರಾಜು ಸಂಸ್ಥೆಗಳು. ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್‌ನಲ್ಲಿ ಮೇ, ಜುಲೈ, ಸೆಪ್ಟೆಂಬರ್ ತಿಂಗಳುಗಳಲ್ಲಿ ನಡೆಯುವ ದೊಡ್ಡ ಹಳೆವಸ್ತುಗಳ ಸಂತೆ ನ್ಯೂ ಇಂಗ್ಲೆಂಡ್ ಕಡೆಯವರಿಗೆ ಅನುಕೂಲ. ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅವಕಾಶವಿರುವಲ್ಲೇ ಮೊದಲ ಖರೀದಿ ಮಾಡಿ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಸುಮಾರು ಶೇ 20ರಷ್ಟು ಬೈಯರ್ಸ್ ಪ್ರೀಮಿಯಂ (ಕೊಳ್ಳುವವರು ಹರಾಜು ಸಂಸ್ಥೆಗೆ ಕೊಡುವ ಶುಲ್ಕ) ಸೇರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯದೆ ಕೈ ಎತ್ತಬೇಡಿ.

ಕೈಗವಸನ್ನು ಎತ್ತಿಕೊಂಡಾಗ ಮೊದಲು ಮೂಸಿ ನೋಡಿ. ಹಳೆಯ ಚರ್ಮ ಮತ್ತು ಒಣ ಹುಲ್ಲಿನಂಥ ವಾಸನೆ ಸಹಜ. ಮುಗ್ಗಲು ವಾಸನೆ ಬಂದರೆ ಒಳಗಿನ ಮೆತ್ತೆಗೆ ಬೂಷ್ಟು ಹಿಡಿದಿದೆ. ಬೆರಳುಗಳನ್ನು ಒಂದೊಂದಾಗಿ ಮೆಲ್ಲನೆ ಮಡಚಿ, ಬಿರುಕು ಬಿಡುತ್ತದೆಯೇ ನೋಡಿ. ಬೆರಳಿಗೆ ಕೆಂಪು ಪುಡಿ ಅಂಟಿದರೆ ಚರ್ಮ ಒಳಗಿನಿಂದಲೇ ಕೊಳೆಯುತ್ತಿದೆಯೆಂದು ಅರ್ಥ, ಅದಕ್ಕೆ ಮದ್ದಿಲ್ಲ. ಅನಿರೀಕ್ಷಿತವಾಗಿ ಭಾರವೆನಿಸಿ, ಮುಟ್ಟಿದರೆ ಜಿಡ್ಡುಜಿಡ್ಡಾಗಿ, ಮುದ್ರೆಗಳು ಮಸುಕಾಗಿದ್ದರೆ ಯಾರೋ ಎಣ್ಣೆಯಲ್ಲಿ ಮುಳುಗಿಸಿದ್ದಾರೆ. ಚರ್ಮದ ದಾರ ಬದಲಾಗಿರುವುದು ದೊಡ್ಡ ದೋಷವಲ್ಲ, ಆದರೆ ಹೇಳದೆ ಮಾರುವುದು ದೋಷ. ಬೆವರಿನ ಉಪ್ಪಿಗಾಗಿ ಇಲಿಗಳು ಅಂಚನ್ನು ಕಡಿದಿರುವುದುಂಟು, ಅದನ್ನು ಮುಚ್ಚಲು ಶೂ ಪಾಲಿಷ್ ಬಳಿದಿರುವುದೂ ಉಂಟು. ಬಿಳಿ ಬಟ್ಟೆಯಿಂದ ಒಂದು ಮೂಲೆಯಲ್ಲಿ ಒರೆಸಿದರೆ ಬಣ್ಣ ಹೊರಬರುತ್ತದೆ.

ಲೇಬಲ್ ಬದಲಾಯಿಸುವ ಮೋಸವನ್ನು ಪತ್ತೆಹಚ್ಚುವುದು ಕಷ್ಟವಲ್ಲ. ದಶಕಗಳ ಕಾಲ ಲೇಬಲ್ ಮುಚ್ಚಿದ್ದ ಜಾಗದ ಚರ್ಮ ಸುತ್ತಲಿನದಕ್ಕಿಂತ ತಿಳಿಬಣ್ಣದಲ್ಲಿರುತ್ತದೆ. ಈಗಿರುವ ಲೇಬಲ್ಲಿನ ಅಂಚು ಆ ತಿಳಿಬಣ್ಣದ ಚೌಕಕ್ಕೆ ಹೊಂದದೆ ಹೋದರೆ, ಅಥವಾ ಹಳೆಯ ಸೂಜಿತೂತುಗಳು ಖಾಲಿ ಉಳಿದು ಪಕ್ಕದಲ್ಲಿ ಹೊಸ ತೂತುಗಳು ಕಂಡರೆ, ಅಲ್ಲಿಗೆ ಮಾತು ಮುಗಿಸಿ ಹೊರಡಿ. ಹುಡುಗನೊಬ್ಬ ಮಸಿಯಲ್ಲಿ ತನ್ನ ಹೆಸರು ಬರೆದುಕೊಂಡಿದ್ದರೆ ಕೆಲವರು ಬೆಲೆ ತಗ್ಗಿಸುತ್ತಾರೆ. ನಾನಾದರೆ ಅಂಥದನ್ನೇ ಆರಿಸುತ್ತೇನೆ. ಆನ್‌ಲೈನ್ ಖರೀದಿಯಾದರೆ ಅಂಗೈ, ಹಿಂಬದಿ, ವೆಬ್, ಮಣಿಕಟ್ಟಿನ ಲೇಬಲ್, ಗುಂಡಿ, ಒಳಪದರ ಇವಿಷ್ಟರ ಚಿತ್ರವನ್ನೂ ನೈಸರ್ಗಿಕ ಬೆಳಕಿನಲ್ಲಿ ಕೇಳಿ ಪಡೆಯಿರಿ.

ಹೆಜ್ಜೆ 5: ಕೈಬರಹದ ಸಹಿಯ ಬಗ್ಗೆ ಎಚ್ಚರ

ಹಳೆಯ ಸಾಧಾರಣ ಕೈಗವಸಿನ ಮೇಲೆ ಹೊಸದಾಗಿ ಸಹಿ ಗೀಚಿ ಮಾರುವುದು ಈ ವ್ಯಾಪಾರದ ಅತಿ ಹಳೆಯ ವಂಚನೆ. ಖೋಟಾ ಸಹಿಗಳ ಜಾಲವನ್ನು ಭೇದಿಸಲು ಅಮೆರಿಕದ ಎಫ್‌ಬಿಐ 1990ರ ದಶಕದಲ್ಲಿ ಆಪರೇಷನ್ ಬುಲ್‌ಪೆನ್ ಎಂಬ ತನಿಖೆಯನ್ನೇ ನಡೆಸಬೇಕಾಯಿತು. ಅಮೆರಿಕದ ಅಂಗಡಿಗಳಿಗೆ ಬಾಲ್‌ಪೆನ್ ಬಂದದ್ದು 1945ರ ಅಕ್ಟೋಬರ್‌ನಲ್ಲಿ. ಯಾಂಕೀಸ್ ತಂಡದ ಖ್ಯಾತ ಆಟಗಾರ ಲೂ ಗೆರಿಗ್ ತೀರಿಕೊಂಡದ್ದು 1941ರಲ್ಲಿ. ಅವರ ಸಹಿ ಬಾಲ್‌ಪೆನ್ನಿನಲ್ಲಿ ಇದ್ದರೆ ಹೆಚ್ಚಿನ ಪರೀಕ್ಷೆ ಬೇಕಿಲ್ಲ. ಪ್ರಮಾಣಪತ್ರವಿದೆ ಎಂಬ ಮಾತಿಗೂ ಮರುಳಾಗಬೇಡಿ, ಆ ಪತ್ರವನ್ನು ಬರೆದವರು ಯಾರೆಂಬುದೇ ಅದರ ಬೆಲೆ. 2001ರಿಂದ ಈಚೆಗೆ ಅಮೆರಿಕದ ಉನ್ನತ ವೃತ್ತಿಪರ ಮಟ್ಟವಾದ ಮೇಜರ್ ಲೀಗ್ ಪಂದ್ಯಗಳಲ್ಲಿ ಬಳಕೆಯಾದ ವಸ್ತುಗಳಿಗೆ ಅಧಿಕೃತ ಹೋಲೋಗ್ರಾಮ್ ಅಂಟಿಸುವ ವ್ಯವಸ್ಥೆಯಿದೆ. ಹಳೆಯವುಗಳಿಗೆ ಅಂಥ ರಕ್ಷೆಯಿಲ್ಲವಾದ್ದರಿಂದ ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯ ಲಿಖಿತ ದಾಖಲೆ ಇಲ್ಲದೆ ಸಹಿಗೆಂದು ಒಂದು ಡಾಲರನ್ನೂ ಹೆಚ್ಚು ಕೊಡಬೇಡಿ.

ಹೆಜ್ಜೆ 6: ಮನೆಯಲ್ಲಿ ಕಾಪಾಡುವುದು

ತಂದ ಕೂಡಲೇ ಎಣ್ಣೆ ಹಚ್ಚುವ ಚಪಲವನ್ನು ತಡೆದುಕೊಳ್ಳುವುದೇ ಆರೈಕೆಯ ಮೊದಲ ಪಾಠ. ಆಡುವುದಕ್ಕೆಂದು ಕೊಂಡ ಹೊಸ ಕೈಗವಸಿಗೆ ಎಣ್ಣೆ ಬೇಕಾಗಬಹುದು, ಕಪಾಟಿನಲ್ಲಿಡುವ ಹಳೆಯದಕ್ಕೆ ಬೇಡ. ಎಣ್ಣೆಯಿಂದ ಚರ್ಮ ಕಪ್ಪಾಗುತ್ತದೆ, ಹೊಲಿಗೆಯ ದಾರ ಕೊಳೆಯುತ್ತದೆ, ದೂಳು ಅಂಟುತ್ತದೆ. ಕೊಬ್ಬರಿ ಎಣ್ಣೆಯನ್ನಂತೂ ಹತ್ತಿರಕ್ಕೂ ತರಬೇಡಿ. ಕೆಲವು ತಿಂಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಮೃದುವಾದ ಬ್ರಷ್‌ನಿಂದ ದೂಳು ತೆಗೆದು, ಬೇಕೆನಿಸಿದರೆ ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ನೆರಳಿನಲ್ಲಿ ಆರಲು ಬಿಟ್ಟರೆ ಸಾಕು. ಒಳಗೆ ಆಮ್ಲರಹಿತ ಟಿಷ್ಯೂ ಕಾಗದವನ್ನು ಸಡಿಲವಾಗಿ ತುಂಬಿದರೆ ಆಕಾರ ಉಳಿಯುತ್ತದೆ. ದಿನಪತ್ರಿಕೆಯ ಕಾಗದ ಬೇಡ. ಬಿಸಿಲು ಬೀಳುವ ಗೋಡೆ, ಬೇಸ್‌ಮೆಂಟ್, ಮಾಳಿಗೆ ಮೂರೂ ವರ್ಜ್ಯ.

ಸಂಗ್ರಹವನ್ನು ಕರ್ನಾಟಕಕ್ಕೆ ತಂದಿಡುವವರು ತೇವಾಂಶದ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ವಹಿಸಬೇಕು. ಬೆಂಗಳೂರು ಅಥವಾ ಮೈಸೂರಿನ ಹವೆಯಲ್ಲಿ ಗಾಜಿನ ಕಪಾಟು ಸಾಕಾಗುತ್ತದೆ. ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ ಬೆಲ್ಟುಗಳಿಗೇ ಬೂಷ್ಟು ಹಿಡಿಯುವಾಗ ನೂರು ವರ್ಷದ ಚರ್ಮ ತಪ್ಪಿಸಿಕೊಳ್ಳಲಾರದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ತೇವ ಒಳಗೇ ಉಳಿದು ಕೆಡುತ್ತದೆ. ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟ ಪೆಟ್ಟಿಗೆಯಲ್ಲಿರಿಸಿ, ಆ ಪೊಟ್ಟಣಗಳನ್ನು ಆಗಾಗ ಬದಲಾಯಿಸಿ. ಕ್ಯಾಮೆರಾ ಇಡುವ ಡ್ರೈ ಕ್ಯಾಬಿನೆಟ್ ಮನೆಯಲ್ಲಿದ್ದರೆ ಅದರಲ್ಲಿ ಒಂದು ಅಂತಸ್ತು ಕೇಳಿ ಪಡೆಯುವುದು ಜಾಣತನ. ಬೂಷ್ಟು ಕಂಡರೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ ಬ್ರಷ್‌ನಿಂದ ಉದುರಿಸಿ, ನೆರಳಿನ ಗಾಳಿಯಲ್ಲಿ ಒಣಗಿಸಿ. ಹಳೆಯವುಗಳಲ್ಲಿ ಅನೇಕವು ಕುದುರೆಯ ಚರ್ಮದವು, ಈಚಿನವು ಬಹುಪಾಲು ದನದ ಚರ್ಮದವು. ದೇವರ ಮನೆಗೆ ಹೊಂದಿಕೊಂಡ ಗೋಡೆಯಲ್ಲಿ ತೂಗುಹಾಕುವ ಯೋಚನೆಯಿದ್ದರೆ ಮನೆಯ ಹಿರಿಯರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 7: ದಾಖಲೆ, ಸಾಗಣೆ ಮತ್ತು ಮುಂದಿನವರು

ಪ್ರತಿ ಕೈಗವಸಿಗೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆ ಬರೆದ ಕಾಗದದ ಚೀಟಿಯನ್ನು ಹತ್ತಿ ದಾರದಿಂದ ಮಣಿಕಟ್ಟಿನ ಪಟ್ಟಿಗೆ ಕಟ್ಟಿ. ಚರ್ಮದ ಮೇಲೆ ಏನನ್ನೂ ಬರೆಯಬೇಡಿ, ಅಂಟಿಸಬೇಡಿ. ತಯಾರಕರು, ಮಾದರಿ ಸಂಖ್ಯೆ, ಎಸೆಯುವ ಕೈ, ಅಂದಾಜು ದಶಕ ಮತ್ತು ಆ ಅಂದಾಜಿಗೆ ಕಾರಣ, ಕೊಂಡ ಜಾಗ, ಕೊಟ್ಟ ಹಣ, ಕಂಡ ದೋಷಗಳನ್ನು ಪುಸ್ತಕದಲ್ಲಿ ದಾಖಲಿಸಿ. ಅಂದಾಜಿಗೆ ಕಾರಣ ಬರೆಯುವ ಅಭ್ಯಾಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮುಂದೆ ಕ್ಯಾಟಲಾಗ್ ಒಂದು ಸಿಕ್ಕಿ ಕಾಲ ತಿದ್ದಬೇಕಾದಾಗ ಅದೊಂದೇ ಸಾಲು ಕೆಲಸಕ್ಕೆ ಬರುವುದು.

ಭಾರತಕ್ಕೆ ತರುವವರು ಅಂಚೆಯ ಮೂಲಕ ಕಳಿಸುವುದಕ್ಕಿಂತ ತಮ್ಮ ಸಾಮಾನಿನ ಜೊತೆ ತರುವುದು ಉತ್ತಮ, ಏಕೆಂದರೆ ಅಂಚೆಯಲ್ಲಿ ಬಂದ ವಸ್ತು ಹಳೆಯದಾದರೂ ಸುಂಕಕ್ಕೆ ಒಳಪಡಬಹುದು. ಖರೀದಿಯ ರಸೀದಿ ಮತ್ತು ಕೈಗವಸಿನ ಫೋಟೋ ಜೊತೆಗಿರಲಿ. ಬೆಲೆಬಾಳುವುದಾದರೆ ಕಸ್ಟಮ್ಸ್‌ನ ಆ ಹೊತ್ತಿನ ನಿಯಮವನ್ನು ಹೊರಡುವ ಮುನ್ನ ನೋಡಿಕೊಳ್ಳಿ. ಕೈಚೀಲದಲ್ಲಿಟ್ಟುಕೊಂಡು ಬಂದರೆ ಆಕಾರವೂ ಕೆಡುವುದಿಲ್ಲ.

ಕೊನೆಗೆ ಸಂಗ್ರಹವನ್ನು ಯಾರಿಗಾದರೂ ಬಿಟ್ಟುಕೊಡಬೇಕಾದ ಸಂದರ್ಭ ಬಂದಾಗ ಮ್ಯೂಸಿಯಂಗಳ ನೆನಪಾಗುವುದು ಸಹಜ. ಕೂಪರ್ಸ್‌ಟೌನ್‌ನ ಮ್ಯೂಸಿಯಂ ವಸ್ತುಗಳನ್ನು ಕೊಳ್ಳುವುದಿಲ್ಲ, ದಾನವಾಗಿ ಮಾತ್ರ ಸ್ವೀಕರಿಸುತ್ತದೆ, ಅದೂ ತನ್ನ ಸಂಗ್ರಹಕ್ಕೆ ಬೇಕೆನಿಸಿದ್ದನ್ನಷ್ಟೇ. ಸಾಧಾರಣ ಸ್ಟೋರ್ ಮಾಡೆಲ್‌ಗಳಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಆ ಕೈಗವಸು ತಯಾರಾದ ಊರಿನ ಸ್ಥಳೀಯ ಇತಿಹಾಸ ಸಂಘಕ್ಕೆ, ನಿಮ್ಮ ದಾಖಲೆ ಪುಸ್ತಕದ ಪ್ರತಿಯೊಡನೆ, ಚಿತ್ರ ಲಗತ್ತಿಸಿ ಮೊದಲು ಪತ್ರ ಬರೆಯಿರಿ. ಒಪ್ಪಿಗೆ ಬರುವ ಮುನ್ನ ವಸ್ತುವನ್ನು ಕಳುಹಿಸಬೇಡಿ.